ವಿಮಾನಗಳ ಆರ್‌ಟಿಒ: ಮಂಗಳೂರಿನಿಂದ ಅಹಮದಾಬಾದ್‌ವರೆಗೆ ಅದೇ ದೂರು

ಬಸ್ಸಿಗೆ ಎಫ್‌ಸಿ ಆಗಬೇಕೆಂದರೆ ಆರ್‌ಟಿಒ ಕಚೇರಿಗೆ ಹೋಗಬೇಕು. ಡ್ರೈವರ್‌ಗೆ ಲೈಸೆನ್ಸ್ ಕೊಡುವುದೂ ಅದೇ ಕಚೇರಿ. ವಿಮಾನಗಳಿಗೂ ಇಂಥದ್ದೊಂದು ಕಚೇರಿ ದೆಹಲಿಯಲ್ಲಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅಂತ ಉದ್ದ ಹೆಸರು, ಪೇಪರಿನಲ್ಲಿ ಡಿಜಿಸಿಎ ಅಂತ ಬರುತ್ತದೆ. ಪೈಲಟ್ ಲೈಸೆನ್ಸ್, ವಿಮಾನದ ಫಿಟ್ನೆಸ್, ಪೈಲಟ್ ಎಷ್ಟು ಗಂಟೆ ಹಾರಿಸಬಹುದು, ಎಷ್ಟು ಗಂಟೆ ಮಲಗಬೇಕು ಎಂಬ ನಿಯಮ, ಎಲ್ಲವೂ ಅಲ್ಲಿಂದಲೇ.

ವಿಮಾನ ಬಿದ್ದಾಗ ನಾವೆಲ್ಲ ಕೇಳುವುದು ಪೈಲಟ್‌ನದ್ದು ತಪ್ಪೋ ಯಂತ್ರದ್ದೋ ಅಂತ. ತಪಾಸಣೆ ಮಾಡುವ ಕಚೇರಿ ಹೇಗಿದೆ ಎಂದು ಕೇಳುವವರು ಕಡಿಮೆ. ಆದರೆ ಸರ್ಕಾರದ ಸಮಿತಿಗಳು, ಸಂಸತ್ತಿನ ಸಮಿತಿ, ಹೊರದೇಶದವರು ಆ ಕಚೇರಿಯನ್ನೂ ಪರಿಶೀಲಿಸಿದ್ದಾರೆ. ಹದಿನೈದು ವರ್ಷಗಳ ಆ ವರದಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ತಲೆ ಬಿಸಿಯಾಗುತ್ತದೆ. ಬರೆದವರು ಬೇರೆ ಬೇರೆ, ದೂರು ಮಾತ್ರ ಹೆಚ್ಚುಕಡಿಮೆ ಒಂದೇ.

ನಮ್ಮ ರಾಜ್ಯದವರು ಇದನ್ನು ಮಂಗಳೂರಿನಿಂದಲೇ ಶುರು ಮಾಡಬೇಕು. 2010ರ ಮೇ 22, ಬೆಳಿಗ್ಗೆ ಆರು ಗಂಟೆ ದಾಟಿತ್ತಷ್ಟೇ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ನಿಲ್ಲದೆ ಕಣಿವೆಗೆ ಬಿತ್ತು. ಒಳಗಿದ್ದವರು 166 ಜನ. ಬದುಕಿದ್ದು 8 ಜನ. ಕರಾವಳಿ ಮತ್ತು ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಗಲ್ಫ್‌ನಿಂದ ರಜೆಗೆ ಬರುವವರಿಗಾಗಿ ಕಾಯುತ್ತಿದ್ದರು.

ವಾಯುಪಡೆಯ ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದಲ್ಲಿ ತನಿಖೆ ನಡೆಯಿತು. ಕಾಕ್‌ಪಿಟ್‌ನ ಧ್ವನಿಮುದ್ರಣ ಎರಡು ಗಂಟೆ ಐದು ನಿಮಿಷದ್ದು. ಅದರಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು ಎಂದು ವರದಿ ಹೇಳಿತು. ಎದ್ದ ಮೇಲೆ ವಿಮಾನ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ 'ಗೋ ಅರೌಂಡ್' ಎಂದರು. ಅಂದರೆ, ಇಳಿಸಬೇಡಿ, ಮತ್ತೆ ಮೇಲಕ್ಕೇರಿಸಿ ಇನ್ನೊಂದು ಸುತ್ತು ಬರೋಣ ಎಂದು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಗಾಲಿ ನೆಲ ಮುಟ್ಟಿತು.

ತಪ್ಪು ಕ್ಯಾಪ್ಟನ್‌ನದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ವರದಿ ಅಲ್ಲಿಗೇ ನಿಲ್ಲಲಿಲ್ಲ. ಮಂಗಳೂರಿನ ರಾಡಾರ್ ಆಗ ಕೆಟ್ಟಿತ್ತು, ಹಾಗಾಗಿ ವಿಮಾನ ತಡವಾಗಿ ಇಳಿಯಲು ಶುರು ಮಾಡಿತು. ಸಹ ಪೈಲಟ್ ತಾನೇ ವಿಮಾನವನ್ನು ಮೇಲಕ್ಕೇರಿಸಬಹುದೇ ಎಂಬ ಬಗ್ಗೆ ಸೂಚನೆಗಳಲ್ಲೇ ಗೊಂದಲವಿತ್ತು ಎಂಬುದನ್ನೂ ವರದಿ ಎತ್ತಿ ತೋರಿಸಿತು. ನನಗೆ ಇದೇ ದೊಡ್ಡ ವಿಷಯ ಅನ್ನಿಸುತ್ತದೆ. ತಪ್ಪು ಕಣ್ಣಿಗೆ ಕಾಣುತ್ತಿದೆ, ಬಾಯಲ್ಲಿ ಹೇಳಿದ್ದೂ ಆಯಿತು, ಕೈ ಹಾಕುವ ಅಧಿಕಾರ ಇದೆಯೋ ಇಲ್ಲವೋ ಗೊತ್ತಿಲ್ಲ. ಇಂಥ ಸೂಚನೆಗಳು ಸ್ಪಷ್ಟವಾಗಿವೆಯೇ ಎಂದು ನೋಡಬೇಕಾದ್ದು ಡಿಜಿಸಿಎ.

ಆಗಿನ ವ್ಯವಸ್ಥೆ ಹೇಗಿತ್ತು ನೋಡಿ. ವಿಮಾನ ಕಂಪನಿ ಸರ್ಕಾರದ್ದು. ವಿಮಾನ ನಿಲ್ದಾಣ ಸರ್ಕಾರದ್ದು. ತಪಾಸಣೆ ಮಾಡುವ ಡಿಜಿಸಿಎ ಸರ್ಕಾರದ್ದು. ತನಿಖೆಗೆ ಆದೇಶ ಕೊಟ್ಟಿದ್ದೂ ಸರ್ಕಾರ. ಎಲ್ಲವೂ ಒಂದೇ ಸಚಿವಾಲಯದ ಕೆಳಗೆ. ಮಂಗಳೂರಿನ ನಂತರವೇ, 2012ರಲ್ಲಿ, ಅಪಘಾತ ತನಿಖೆಯನ್ನು ಡಿಜಿಸಿಎಯಿಂದ ಬೇರೆ ಮಾಡಿ ಎಎಐಬಿ ಎಂಬ ಸಂಸ್ಥೆ ಕಟ್ಟಿದರು. ಅದೂ ಅದೇ ಸಚಿವಾಲಯದ ಕೆಳಗೇ ಇದೆ ಅನ್ನುವುದು ಬೇರೆ ಮಾತು.

ಈ ಮಧ್ಯೆ 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದರು. ಪೈಲಟ್ ಒಬ್ಬರು ಗೋವಾದಲ್ಲಿ ವಿಮಾನವನ್ನು ಹಿಂದಿನ ಗಾಲಿಗಳ ಬದಲು ಮೂಗಿನ ಗಾಲಿ ಮೇಲೆ ಇಳಿಸಿದ್ದರಿಂದ ಎಳೆ ಸಿಕ್ಕಿತ್ತು. ಡಿಜಿಸಿಎ ಒಳಗಿನವರೂ ಬಂಧನಕ್ಕೊಳಗಾದರು.

ಹೊರಗಿನವರ ಪರೀಕ್ಷೆ ನಡೆದದ್ದು 2013ರಲ್ಲಿ. ತಮ್ಮ ದೇಶಕ್ಕೆ ವಿಮಾನ ಕಳಿಸುವ ದೇಶಗಳ ತಪಾಸಣಾ ಕಚೇರಿ ಸರಿ ಇದೆಯೇ ಎಂದು ಅಮೆರಿಕದ ಎಫ್‌ಎಎ ನೋಡುತ್ತದೆ. 2014ರ ಜನವರಿ 31ರಂದು ಅದು ಭಾರತವನ್ನು ಎರಡನೇ ದರ್ಜೆಗೆ ಇಳಿಸಿತು. ನಮ್ಮ ಕಂಪನಿಗಳು ಅಮೆರಿಕಕ್ಕೆ ಹೊಸ ವಿಮಾನ ಬಿಡುವಂತಿರಲಿಲ್ಲ. ಮುಖ್ಯ ದೂರು ಏನೆಂದರೆ, ಪೈಲಟ್‌ಗಳ ಮೇಲೆ ಕಣ್ಣಿಡುವ ಪೂರ್ಣಾವಧಿ ಇನ್ಸ್‌ಪೆಕ್ಟರ್‌ಗಳೇ ಸಾಕಷ್ಟಿಲ್ಲ. ಸರ್ಕಾರ ತರಾತುರಿಯಲ್ಲಿ 75 ಹುದ್ದೆ ಮಂಜೂರು ಮಾಡಿತು. ಹಳೆಯ ದರ್ಜೆ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ.

ಡಿಜಿಸಿಎಯನ್ನು ತೆಗೆದು, ಸ್ವಂತ ಹಣ, ಸ್ವಂತ ನೇಮಕಾತಿ ಇರುವ ಪ್ರಾಧಿಕಾರ ಮಾಡುವ ಮಸೂದೆ 2013ರಲ್ಲೇ ಲೋಕಸಭೆಗೆ ಬಂದಿತ್ತು. 2014ರ ಚುನಾವಣೆಗೆ ಮುಂಚೆ ಸದನ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು.

2020ರ ಆಗಸ್ಟ್ 7. ಕೋಯಿಕ್ಕೋಡ್. ಅದೇ ಕಂಪನಿ, ಅದೇ ಬೋಯಿಂಗ್ 737, ಅದೇ ದುಬೈ ದಾರಿ, ಅಲ್ಲೂ ಗುಡ್ಡದ ಮೇಲಿನ ರನ್‌ವೇ, ಮೇಲೆ ಮಳೆ ಬೇರೆ. 21 ಜನ ತೀರಿಕೊಂಡರು. ಎಎಐಬಿ ವರದಿ ಓದಿದರೆ ಮಂಗಳೂರಿನದ್ದೇ ಮತ್ತೆ ಓದಿದಂತಾಗುತ್ತದೆ. ವಿಮಾನ ರನ್‌ವೇಯ ಅರ್ಧದಲ್ಲಿ ನೆಲ ಮುಟ್ಟಿತು. ಇನ್ನೊಬ್ಬ ಪೈಲಟ್ 'ಗೋ ಅರೌಂಡ್' ಎಂದಿದ್ದರು. ಆ ರನ್‌ವೇ ಮಳೆಯಲ್ಲಿ ಅಪಾಯ ಎಂದು ಕ್ಯಾಪ್ಟನ್ ಮೋಹನ್ ರಂಗನಾಥನ್ 2011ರಲ್ಲೇ ಪತ್ರ ಬರೆದಿದ್ದರು. ಅವರು ಯಾರೋ ದಾರಿಹೋಕರಲ್ಲ, ಮಂಗಳೂರು ದುರಂತದ ನಂತರ ಸರ್ಕಾರವೇ ಮಾಡಿದ್ದ ಸುರಕ್ಷತಾ ಸಲಹಾ ಸಮಿತಿಯ ಸದಸ್ಯರು.

ನಡುವೆ ಏನೂ ಸುಧಾರಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. 2020ರ ತಿದ್ದುಪಡಿಯಲ್ಲಿ ಡಿಜಿಸಿಎಗೆ ಕಾನೂನಿನಲ್ಲಿ ಸ್ಥಾನ ಸಿಕ್ಕಿತು, ಗರಿಷ್ಠ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿತು. 2022ರಲ್ಲಿ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒ ಪರಿಶೀಲಿಸಿದಾಗ ಭಾರತದ ಅಂಕ ಶೇ 85 ದಾಟಿತು. ಆದರೆ ಐಸಿಎಒ ಮುಖ್ಯವಾಗಿ ನೋಡುವುದು ವ್ಯವಸ್ಥೆ, ನಿಯಮ, ಕಾರ್ಯವಿಧಾನ. ಕುರ್ಚಿಯಲ್ಲಿ ಜನ ಕೂತಿದ್ದಾರೆಯೇ ಎಂಬುದು ತಿಳಿದದ್ದು ಇನ್ನೊಂದು ದೊಡ್ಡ ದುರಂತದ ನಂತರ.

2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ ವಿಮಾನ ಹಾರಿದ ಕ್ಷಣದಲ್ಲೇ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ಒಟ್ಟು 260 ಜನ ಸತ್ತರು. ಅದೇ ಆಗಸ್ಟ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ, ಸಂಜಯ್ ಕುಮಾರ್ ಝಾ ಅಧ್ಯಕ್ಷತೆಯಲ್ಲಿ, ಇಡೀ ವಿಮಾನಯಾನ ಸುರಕ್ಷತೆಯ ವರದಿ ಮಂಡಿಸಿತು. ಡಿಜಿಸಿಎಗೆ ಮಂಜೂರಾದ ಹುದ್ದೆ 1,063. ಭರ್ತಿಯಾಗಿದ್ದು 553. ಅರ್ಧದಷ್ಟು ಖಾಲಿ! ಯುಪಿಎಸ್‌ಸಿ ಮೂಲಕ ನೇಮಕ ನಿಧಾನವಾಗುತ್ತದೆ, ಒಳ್ಳೆಯ ತಂತ್ರಜ್ಞರು ಬರುವುದಿಲ್ಲ, ಡಿಜಿಸಿಎಗೆ ಹಣಕಾಸು ಮತ್ತು ಆಡಳಿತದಲ್ಲಿ ಸ್ವಾಯತ್ತತೆ ಬೇಕು ಎಂದು ಸಮಿತಿ ಹೇಳಿತು. 2013ರ ಮಸೂದೆಯ ಆಸೆಯೂ ಇದೇ ಆಗಿತ್ತು.

ಇನ್ನು ನಿದ್ದೆಯ ವಿಷಯ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿ, ರಾತ್ರಿ ಲ್ಯಾಂಡಿಂಗ್‌ಗಳನ್ನು ಇಳಿಸಿ ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ಹೊರಡಿಸಿತ್ತು. ಕಂಪನಿಗಳು ಒಪ್ಪದೆ ಅದು ಮುಂದಕ್ಕೆ ಹೋಯಿತು. ಕೊನೆಗೆ ಪೈಲಟ್ ಸಂಘಟನೆಗಳು ಹೋಗಿದ್ದ ದೆಹಲಿ ಹೈಕೋರ್ಟ್ ಮುಂದೆ ಎರಡು ಹಂತ ಒಪ್ಪಿ, 2025ರ ನವೆಂಬರ್ 1ರಿಂದ ಪೂರ್ತಿ ಜಾರಿಯಾಯಿತು. ಡಿಸೆಂಬರ್ ಮೊದಲ ವಾರದಲ್ಲೇ ಇಂಡಿಗೋ ಸಾವಿರಾರು ವಿಮಾನ ರದ್ದು ಮಾಡಿತು, ಬೆಂಗಳೂರು ನಿಲ್ದಾಣದಲ್ಲಿ ಜನ ಚೀಲಗಳ ಮೇಲೆ ಮಲಗಿದರು. ಡಿಸೆಂಬರ್ 5ರಂದು ಡಿಜಿಸಿಎ ಆ ಕಂಪನಿಗೆ ರಾತ್ರಿ ನಿಯಮಗಳಿಂದ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಮರುವಾರ ತನ್ನದೇ ನಾಲ್ವರು ಇನ್ಸ್‌ಪೆಕ್ಟರ್‌ಗಳನ್ನು ಕೆಲಸದಿಂದ ತೆಗೆಯಿತು.