ಹಗೇವಿನಲ್ಲಿಟ್ಟ ಬಿಸಿಲು

ದಾವಣಗೆರೆಯಿಂದ ಹರಿಹರಕ್ಕೆ ಸಾಗುವ ಹೆದ್ದಾರಿಯಲ್ಲಿ ಬಾತಿಯ ಗುಡ್ಡವನ್ನೂ ಕೆರೆಯನ್ನೂ ಕಂಡು ಮುಂದೆ ಹೋಗುವ ಪಯಣಿಗನಿಗೆ, ಆ ಕೆರೆಯ ಏರಿಳಿತದಲ್ಲಿ ಸಾವಿರಾರು ಹರದಾರಿ ಆಚೆಯ ಪೆಸಿಫಿಕ್ ಮಹಾಸಾಗರದ ಕೈಯೂ ಉಂಟೆಂಬ ಭಾವನೆ ಸುಲಭವಾಗಿ ಬಾರದು. ನಮ್ಮ ಪೂರ್ವಿಕರು ಮಳೆ ಹೋದ ವರ್ಷವನ್ನು ಸಂವತ್ಸರದ ಹೆಸರಿನಿಂದ ಮಾತ್ರ ಬಲ್ಲವರಾಗಿದ್ದರು. 1868ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ಕಟ್ಟಿದ ಸೇತುವೆಗೆ ಹತ್ತು ವರ್ಷ ತುಂಬುವ ಮುನ್ನವೇ ಬಂದೆರಗಿದ ಧಾತು-ಈಶ್ವರದ ಬರವು, 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯನ್ನು 1881ರ ಗಣತಿಯ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿಸಿತು. ಇಲ್ಲಿ ಜನ ಅನ್ನವಿಲ್ಲದೆ ಬೀಳುತ್ತಿದ್ದ ಆ ಕಾಲದಲ್ಲಿಯೇ ಪೂರ್ವ ಪೆಸಿಫಿಕ್ಕಿನ ನೀರು ಅಸಾಧಾರಣವಾಗಿ ಕಾದಿದ್ದಿತು. ಇಂದು ನಾವು ಎಲ್ ನಿನೋ ಎನ್ನುವುದು ಅದನ್ನೇ. 1878ನೆಯ ಇಸವಿ ಆ ಶತಮಾನದ ಅತ್ಯುಷ್ಣ ವರ್ಷಗಳಲ್ಲಿ ಒಂದೆನಿಸಿತು.

ಈ ನಂಟಿನ ಮೊದಲ ಎಳೆಯನ್ನು ಹಿಡಿದವನು ಗಿಲ್ಬರ್ಟ್ ವಾಕರ್. 1899ರ ಮುಂಗಾರು ಕೈಕೊಟ್ಟು ದೇಶ ತತ್ತರಿಸಿದ ಮೇಲೆ, 1904ರಲ್ಲಿ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಾಧಿಕಾರಿಯಾಗಿ ಬಂದ ಈ ಗಣಿತಜ್ಞನು, ಪೆಸಿಫಿಕ್ಕಿನ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುವುದನ್ನೂ, ಅಲ್ಲಿ ಇಳಿದಾಗ ಇಲ್ಲಿ ಏರುವುದನ್ನೂ ಅಂಕಿಗಳ ರಾಶಿಯಿಂದ ಹೆಕ್ಕಿ ತೆಗೆದು, ಅದಕ್ಕೆ ದಕ್ಷಿಣದ ಆಂದೋಲನವೆಂದು ಹೆಸರಿಟ್ಟನು. ನಮ್ಮ ಬರಗಳ ಕಾರಣವನ್ನರಸಿ ಹೊರಟ ಶೋಧವು ಭೂಮಂಡಲಕ್ಕೇ ಬೆಳಕಾದುದನ್ನು ನಾನು ಕೃತಜ್ಞತೆಯಿಂದಲೂ ವ್ಯಥೆಯಿಂದಲೂ ನೆನೆಯುತ್ತೇನೆ.

ಆ ಪೆಸಿಫಿಕ್ ಸಾಗರವೇ ಮುಂದೆ ಒಂದು ಭ್ರಮೆಗೂ ಕಾರಣವಾಯಿತು. 1998ರ ಪ್ರಬಲ ಎಲ್ ನಿನೋ ತೀರಿದ ಮೇಲೆ ಭೂಮಿಯ ಮೇಲ್ಮೈಯ ಕಾವು ಹಿಂದಿನ ವೇಗದಲ್ಲಿ ಏರಲಿಲ್ಲ. 1951ರಿಂದ ದಶಕಕ್ಕೆ ಸರಾಸರಿ 0.12 ಡಿಗ್ರಿ ಸೆಲ್ಸಿಯಸ್ ಏರುತ್ತಿದ್ದುದು, 1998ರಿಂದ 2012ರ ಅವಧಿಯಲ್ಲಿ 0.05ರಷ್ಟಕ್ಕೆ ಇಳಿದಿತ್ತೆಂದು 2013ರ ಅಂತರಸರ್ಕಾರಿ ಹವಾಮಾನ ಸಮಿತಿಯ ವರದಿ ಲೆಕ್ಕ ಕೊಟ್ಟಿತು. ಅಳತೆಗಳನ್ನು ತಿದ್ದಿದ ಮೇಲೆ ಈ ಇಳಿತ ಇನ್ನೂ ಕಿರಿದಾಗಿ ಕಂಡಿತಾದರೂ, ತಾಪವೃದ್ಧಿಯೇ ನಿಂತಿತೆಂದು ಹಲವರು ಆ ವೇಳೆಗೆ ಸಾರಿಬಿಟ್ಟಿದ್ದರು.

ನಡೆದುದೇನೆಂಬುದನ್ನು ನಮ್ಮ ಎರೆಸೀಮೆಯ ರೈತ ಬೇಗ ಗ್ರಹಿಸಿಯಾನು. ಸುಗ್ಗಿಯ ಜೋಳವನ್ನು ನೆಲದಡಿಯ ಕಣಜವಾದ, ಹುಲ್ಲು ಹಾಸಿದ ಹಗೇವಿಗೆ ಸುರಿದು, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದಾಗ, ಅಂಗಳದ ರಾಶಿ ಕಣ್ಮರೆಯಾಗುತ್ತದೆಯೇ ಹೊರತು ಜೋಳ ಎಲ್ಲಿಗೂ ಹೋಗಿರುವುದಿಲ್ಲ. ಹಾಗೆಯೇ ಆ ವರ್ಷಗಳಲ್ಲಿ ಪೆಸಿಫಿಕ್ಕಿನ ವಾಣಿಜ್ಯ ಮಾರುತಗಳು ಬಲಗೊಂಡು, ಬೆಚ್ಚನೆಯ ನೀರನ್ನು ಪಶ್ಚಿಮಕ್ಕೆ ದಬ್ಬಿ ಆಳಕ್ಕೆ ಇಳಿಸಿದುವು. ಪೂರ್ವದಲ್ಲಿ ತಳದ ತಣ್ಣೀರು ಮೇಲಕ್ಕೆ ಬಂದು ಗಾಳಿಯನ್ನು ತಂಪಾಗಿಸಿತು. ಭೂಮಿ ಹೆಚ್ಚುವರಿಯಾಗಿ ಕೂಡಿಕೊಳ್ಳುವ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲು ಸಮುದ್ರವನ್ನೇ ಸೇರುವುದರಿಂದ, ಆಳದಲ್ಲಿ ಒಂದಿಷ್ಟು ಹೆಚ್ಚು ಇಳಿದರೂ ಮೇಲಿನ ಲೆಕ್ಕ ಏರುಪೇರಾಗುತ್ತದೆ. ಆ ತಂಪಿನ ಅವಧಿ ನಮಗೆ ನೆಮ್ಮದಿಯದೂ ಆಗಿರಲಿಲ್ಲ. 2001ರಿಂದ ಮೂರು ವರ್ಷ ಕರ್ನಾಟಕ ಬರದಲ್ಲಿ ಬೆಂದಿತು.

ಹಗೇವು ತೆರೆದ ಕ್ಷಣವೇ ಯಾರೂ ಒಳಗಿಳಿಯರು. ಒಳಗೆ ಕಟ್ಟಿದ ಬಿಸಿಯುಸಿರು ಹೊರಬರಲೆಂದು ಕಾಯುವರು. 2015-16ರಲ್ಲಿ ಎಲ್ ನಿನೋ ಮರಳಿದಾಗ ಸಾಗರದ ಬಾಯಿ ತೆರೆದಂತಾಗಿ, ಆ ಎರಡು ವರ್ಷಗಳೂ ಹಿಂದಿನ ಎಲ್ಲ ದಾಖಲೆಗಳನ್ನು ಮುರಿದುವು. ಮತ್ತೆ 2023ರಲ್ಲಿ ಅದು ಬಂದಾಗ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು.