ಕೈ ಬಿಟ್ಟರೆ ತಾನೇ ಹಾರುವ ವಿಮಾನ

ಅಡಿಕೆ ಸುಲಿದು ಕೂಡಿಟ್ಟ ದುಡ್ಡಲ್ಲಿ ಕೊಂಡ ಫೋಮ್ ವಿಮಾನವನ್ನು ಹುಡುಗ ಮೊದಲ ಸಲ ಹಾರಿಸಿದ್ದು ನಮ್ಮೂರ ಕಾಲೇಜು ಮೈದಾನದಲ್ಲಿ. ಸುದ್ದಿ ಮಾಡಲು ನಾನೂ ಹೋಗಿದ್ದೆ. ಅರ್ಧ ನಿಮಿಷವೂ ಆಗಿರಲಿಲ್ಲ, ವಿಮಾನ ನಮ್ಮ ಕಡೆ ತಿರುಗಿ ಗೋಲ್‌ಪೋಸ್ಟ್ ಪಕ್ಕ ಮೂಗು ಊರಿತು. "ಎಡಕ್ಕೇ ತಳ್ಳಿದ್ದೆ ಸರ್, ಅದು ಬಲಕ್ಕೆ ಹೋಯ್ತು" ಅಂದ. ಡೆಸ್ಕ್‌ನವರು ಎರಡು ಪ್ಯಾರಾ ಹಾಕಿದರು. ಈ ಮಾತು ಅದರಲ್ಲಿರಲಿಲ್ಲ.

ಅವನು ಹೇಳಿದ್ದು ನಿಜ. ವಿಮಾನ ದೂರ ಹೋಗುವಾಗ ಅದರ ಎಡವೂ ನಮ್ಮ ಎಡವೂ ಒಂದೇ. ಎದುರು ಬರುವಾಗ ಅದರ ಎಡ ನಮಗೆ ಬಲ. ಒಳಗೆ ಕೂತ ಪೈಲಟ್‌ಗೆ ಈ ಕಷ್ಟವಿಲ್ಲ, ನೆಲದ ಮೇಲೆ ನಿಂತು ಹಾರಿಸುವವನಿಗೆ ಮಾತ್ರ. ಹವ್ಯಾಸಿಗಳು ಈ ಕಷ್ಟ ಪಡಲು ಶುರುಮಾಡಿ ಹೆಚ್ಚುಕಡಿಮೆ 90 ವರ್ಷವಾಯಿತು.

1937ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಡೆದ ರಾಷ್ಟ್ರೀಯ ಮಾಡೆಲ್ ವಿಮಾನ ಸ್ಪರ್ಧೆಗೆ ಮೊದಲ ಬಾರಿ ರೇಡಿಯೊ ನಿಯಂತ್ರಣದ ವಿಭಾಗ ಸೇರಿತು. ಗೆದ್ದವರು ಚೆಸ್ಟರ್ ಲ್ಯಾಂಜೊ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಮಿಷಿಗನ್‌ನ ಕಲಮಜೂ ಊರಿನ ಅವಳಿ ಸೋದರರು, ವಾಲ್ಟರ್ ಮತ್ತು ವಿಲಿಯಂ ಗುಡ್. ಒಬ್ಬನಿಗೆ ವಿಮಾನ ಕಟ್ಟುವ ಹುಚ್ಚು, ಇನ್ನೊಬ್ಬನಿಗೆ ಹ್ಯಾಮ್ ರೇಡಿಯೊ ಹುಚ್ಚು. ಇಬ್ಬರೂ ಸೇರಿ ಅದೇ ವರ್ಷ ಹಾರಿಸಿದ 'ಗಫ್' ವಿಮಾನದ ರೆಕ್ಕೆ ಸುಮಾರು 8 ಅಡಿ. ಅಷ್ಟು ಉದ್ದ ಬೇಕೇ ಬೇಕಿತ್ತು, ಏಕೆಂದರೆ ಆಗಿನ ವಾಲ್ವ್ ರೇಡಿಯೊ, ಬ್ಯಾಟರಿಗಳ ಭಾರ ಹೊರಬೇಕಲ್ಲ! 1938, 1939, 1940, ಮೂರು ವರ್ಷವೂ ಗಫ್ ಗೆದ್ದಿತು. ಈಗ ಅದು ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಆ ದಿನಗಳಲ್ಲಿ ಮತ್ತು ಮುಂದೆಯೂ ಬಹಳ ಕಾಲ ಹೆಚ್ಚಿನ ಹವ್ಯಾಸಿಗಳ ಕೈಲಿದ್ದದ್ದು ಇಂದಿನಂತೆ ಎರಡು ಸ್ಟಿಕ್ ಅಲ್ಲ, ಒಂದು ಗುಂಡಿ. ವಿಮಾನದೊಳಗೆ ಹುರಿ ಸುತ್ತಿದ ರಬ್ಬರ್ ಬ್ಯಾಂಡ್. ಗುಂಡಿ ಒತ್ತಿದರೆ ಬಾಲದ ರಡ್ಡರ್ ಪೂರ್ತಿ ಬಲಕ್ಕೆ, ಬಿಟ್ಟರೆ ನೇರಕ್ಕೆ, ಮತ್ತೆ ಒತ್ತಿದರೆ ಪೂರ್ತಿ ಎಡಕ್ಕೆ. ಹಿಂದಿನ ಸಲ ಯಾವ ಕಡೆ ತಿರುಗಿಸಿದ್ದೆ ಎಂದು ಮರೆತರೆ ಕಥೆ ಮುಗಿಯಿತು. 'ಸ್ವಲ್ಪ ಎಡಕ್ಕೆ' ಎಂಬುದೇ ಇರಲಿಲ್ಲ.

ಹಾಗಾಗಿ ವಿಮಾನ ತನ್ನಷ್ಟಕ್ಕೆ ತಾನು ಹಾರಲೇಬೇಕಿತ್ತು. ರೆಕ್ಕೆ ಮೈಯ ಮೇಲ್ಭಾಗದಲ್ಲಿ, ಎರಡೂ ತುದಿ ತುಸು ಮೇಲಕ್ಕೆತ್ತಿ. ಒಂದು ಕಡೆ ವಾಲಿದರೆ ತಾನೇ ಸಮಕ್ಕೆ ಬರುತ್ತದೆ. ಮನುಷ್ಯ ನಡುನಡುವೆ ದಾರಿ ತೋರಿಸಿದರೆ ಸಾಕಿತ್ತು.

1960ರ ದಶಕದಲ್ಲಿ ಪ್ರಪೋರ್ಷನಲ್ ಕಂಟ್ರೋಲ್ ನೆಲೆಯೂರಿತು. ಸ್ಟಿಕ್ ಎಷ್ಟು ತಳ್ಳಿದರೆ ರಡ್ಡರ್ ಅಷ್ಟೇ ತಿರುಗುತ್ತದೆ. ಹಾರಿಸುವವರಿಗೆ ಹಬ್ಬ, ಕಲಿಯುವವರಿಗೆ ಪೇಚು. ಹೊಸಬರ ವಿಮಾನ ಬೀಳುವುದು ಬಹುಪಾಲು ಏನೂ ಮಾಡದೆ ಇದ್ದುದಕ್ಕಲ್ಲ, ಗಾಬರಿಯಲ್ಲಿ ಅತಿಯಾಗಿ ಮಾಡಿದ್ದಕ್ಕೆ. ಅದಕ್ಕೇ ಕಲಿಕೆಯ ವಿಮಾನಗಳಿಗೆ ಇವತ್ತೂ ಅದೇ ಹಳೇ ಎತ್ತರದ ರೆಕ್ಕೆ. ಗುರು–ಶಿಷ್ಯರ ರಿಮೋಟ್‌ಗಳನ್ನು ವೈರಿನಿಂದ ಜೋಡಿಸಿ, ಶಿಷ್ಯ ಎಡವಿದಾಗ ಗುರು ಸ್ವಿಚ್ ಬಿಟ್ಟು ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳುವ ಪದ್ಧತಿಯೂ ಇದೆ. ನಮ್ಮ ಮೈದಾನದಲ್ಲಿ ಆ ವೈರ್ ಇರಲಿಲ್ಲ.

ಇದ್ದದ್ದು ಎನ್‌ಸಿಸಿ ವಾಯು ವಿಭಾಗದಲ್ಲಿ ಏರೋಮಾಡೆಲಿಂಗ್ ಕಲಿತ ಒಬ್ಬ ಸೀನಿಯರ್. ಮುರಿದ ಮೂಗಿಗೆ ಟೇಪ್ ಸುತ್ತಿಕೊಟ್ಟು ಅವನು ಹೇಳಿದ್ದು ಎರಡೇ. ಮೊದಲು ಎತ್ತರಕ್ಕೆ ಒಯ್ದು ಸ್ಟಿಕ್ ಬಿಟ್ಟು ನೋಡು. ಎದುರು ಬರುವಾಗ ಎಡ–ಬಲ ಲೆಕ್ಕ ಹಾಕಬೇಡ, ಯಾವ ರೆಕ್ಕೆ ಕೆಳಗಿದೆಯೋ ಆ ಕಡೆಗೆ ಸ್ಟಿಕ್ ತಳ್ಳು, ವಾಲಿದ ಬಾಳೆಗೆ ಊರುಗೋಲು ಕೊಟ್ಟ ಹಾಗೆ.

ಮೂರನೇ ಭಾನುವಾರ ಹುಡುಗ ವಿಮಾನ ಇಳಿಸಿದ. ಒಂದು ಚಕ್ರ ಕಳಚಿ ಬಿದ್ದಿತ್ತು, ಹುಲ್ಲಲ್ಲಿ ಹುಡುಕುತ್ತಾ ಹೋದೆವು.