ಮನೆ ಬಿಟ್ಟು ಹೋದ ಕೆಲಸಗಳು

ಮನೆ ಅಂದರೆ ಈಗ ನಮಗೆಲ್ಲ ಎಷ್ಟು ಬೆಡ್‌ರೂಮು, ಎಷ್ಟು ಬಾಡಿಗೆ, ಯಾವ ಸ್ಕೂಲ್ ಡಿಸ್ಟ್ರಿಕ್ಟು ಅನ್ನೋ ಲೆಕ್ಕ. ನಮ್ಮ ಅಜ್ಜ-ಅಜ್ಜಿಯರ ಕಾಲಕ್ಕೆ ಮನೆ ಬರೀ ಇರುವ ಜಾಗ ಆಗಿರಲಿಲ್ಲ. ಅದೇ ಒಂದು ಕೆಲಸ ಮಾಡುವ ಸಂಸ್ಥೆಯಾಗಿತ್ತು.

ಮಲೆನಾಡಿನ ತೊಟ್ಟಿಮನೆ ನೋಡಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ. ಅಡಿಕೆ ಸುಲಿಯುವುದು, ಭತ್ತ ಕುಟ್ಟುವುದು, ಹಪ್ಪಳ ಒಣಗಿಸುವುದು ಎಲ್ಲ ಅಲ್ಲೇ. ಕಾಳುಕಡಿ ಕಣಜದಲ್ಲಿ, ಉತ್ತರ ಕರ್ನಾಟಕದಲ್ಲಾದರೆ ನೆಲದೊಳಗಿನ ಹಗೇವಿನಲ್ಲಿ. ಇಳಕಲ್ಲಿನ ನೇಕಾರರ ಮನೆಯೊಳಗೇ ಕುಣಿಮಗ್ಗ: ನೆಲದಲ್ಲಿ ಗುಂಡಿ ತೋಡಿ, ಕಾಲು ಇಳಿಬಿಟ್ಟು ಕೂತು ನೇಯುವುದು. ಪಕ್ಕದಲ್ಲಿ ಹೆಂಗಸರು ನೂಲು ಸುತ್ತಬೇಕು. ಒಂದು ಸೀರೆ ಅಂದರೆ ಇಡೀ ಮನೆಯ ದುಡಿಮೆ. ಹೆರಿಗೆ ಮನೆಯಲ್ಲೇ, ಕೊನೆಯುಸಿರೂ ಮನೆಯಲ್ಲೇ. ಕೂಲಿಮಠದ ಅಯ್ಯಗಳು ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ಊರು ಬಿಟ್ಟು ಓದಲು ಬಂದ ಬಡ ಹುಡುಗರಿಗೆ ವಾರಾನ್ನ, ಅಂದ್ರೆ ದಿನಕ್ಕೊಂದು ಮನೆಯಲ್ಲಿ ಊಟ.

ಆ ಮನೆಯನ್ನು ಸ್ವರ್ಗ ಅಂತ ಹೇಳೋ ಹಾಗಿಲ್ಲ. ಅಷ್ಟೂ ಕೆಲಸದ ಭಾರ ಹೊತ್ತವರು ಹೊಗೆ ತುಂಬಿದ ಅಡುಗೆಮನೆಯ ಹೆಂಗಸರು. ಜಗಲಿ ದಾಟಿ ಒಳಗೆ ಬರಲು ಎಲ್ಲ ಜಾತಿಯವರಿಗೂ ಅವಕಾಶ ಇರಲಿಲ್ಲ. ವಾರಾನ್ನಕ್ಕೂ ಜಾತಿಯ ಲೆಕ್ಕ ಇತ್ತು. ಮನೆ ನಡೆಸಿದ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಪಾಲಿರಲಿಲ್ಲ. ಒಟ್ಟುಕುಟುಂಬದ ಆಸ್ತಿಯಲ್ಲಿ ಅವರಿಗೆ ಹುಟ್ಟಿನಿಂದಲೇ ಸಮಪಾಲು ಅನ್ನೋ ಕಾನೂನು ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ, ಅದೂ ಆಗ ಮದುವೆಯಾಗಿರದವರಿಗೆ ಮಾತ್ರ. ದೇಶಕ್ಕೆಲ್ಲ ಬಂದದ್ದು 2005ರಲ್ಲಿ.

ಈ ಕೆಲಸಗಳು ಒಂದೊಂದಾಗಿ ಮನೆ ಬಿಟ್ಟವು. ಭತ್ತ ಮಿಲ್ಲಿಗೆ ಹೋಯಿತು, ಮಗ್ಗಿ ಶಾಲೆಗೆ, ಹೆರಿಗೆ ಆಸ್ಪತ್ರೆಗೆ, ಒಡವೆ ಬ್ಯಾಂಕಿನ ಲಾಕರಿಗೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹುಟ್ಟಿದವು. ಪೇಟೆಯಲ್ಲಿ ಕೆಳಗೆ ಅಂಗಡಿ, ಹಿಂದೆ-ಮೇಲೆ ಮನೆ. ಬಡಾವಣೆಯಲ್ಲಿ ಮನೆ ಬೇರೆ, ಕಚೇರಿ ಬೇರೆ. ಗಾಳಿ ಬೆಳಕು ಬಂತು, ಅಂಗಡಿ ಹೋಯಿತು.

ನಾವು ಬಂದು ಸೇರಿದ ಈ ಮೆನ್ಲೋ ಪಾರ್ಕಿನ ಕಥೆಯೂ ಹೆಚ್ಚುಕಡಿಮೆ ಹೀಗೇ. ಹೆಸರೇ ವಲಸಿಗರದ್ದು. 1854ರಲ್ಲಿ ಐರ್ಲೆಂಡಿನ ಆಲಿವರ್ ಮತ್ತು ಮೆಕ್‌ಗ್ಲಿನ್ ಎಂಬಿಬ್ಬರು ಇಲ್ಲಿ ಜಮೀನು ಕೊಂಡು, ಗಾಲ್ವೇ ಸೀಮೆಯ ತಮ್ಮೂರು ಮೆನ್ಲೋ ನೆನಪಿಗೆ ಹೆಬ್ಬಾಗಿಲ ಕಮಾನಿನ ಮೇಲೆ ಆ ಹೆಸರು ಬರೆಸಿದರು. ನಾವು ಅಪಾರ್ಟ್‌ಮೆಂಟಿನ ಬಾಗಿಲಿಗೆ ತೋರಣ ಕಟ್ಟೋ ಹಾಗೆ! ರೈಲು ಬಂದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಸಿರಿವಂತರು ಬೇಸಿಗೆ ಬಂಗಲೆ ಕಟ್ಟಿಕೊಂಡರು. ಎರಡನೇ ಮಹಾಯುದ್ಧದ ನಂತರ ಬಂದದ್ದು ಒಂದೇ ಅಂತಸ್ತಿನ ರ‍್ಯಾಂಚ್ ಮನೆ. ಅದನ್ನು ಜನಪ್ರಿಯ ಮಾಡಿದ ಸನ್‌ಸೆಟ್ ಪತ್ರಿಕೆಯ ಕಚೇರಿ 1951ರಿಂದ ಇಲ್ಲೇ ಇತ್ತು. ಅದನ್ನು ವಿನ್ಯಾಸ ಮಾಡಿದವರು ರ‍್ಯಾಂಚ್ ಮನೆಗಳಿಗೇ ಹೆಸರಾದ ಕ್ಲಿಫ್ ಮೇ. ಈ ಮನೆಗಳ ಮುಂದೆ ಹುಲ್ಲುಹಾಸು ಮತ್ತು ಗ್ಯಾರೇಜು, ಕೂತು ಮಾತಾಡುವ ಜಾಗ ಹಿಂದಿನ ಪ್ಯಾಟಿಯೋ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಜಗಲಿ ಹಿತ್ತಲಿಗೆ ಹೋಯಿತು. ದಾರಿಹೋಕರಿಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ.

1978ರ ಪ್ರೊಪೊಸಿಷನ್ 13 ಮನೆಗೆ ಇನ್ನೊಂದು ರೂಪ ಕೊಟ್ಟಿತು. ತೆರಿಗೆ ಕೊಂಡ ಬೆಲೆಯ ಮೇಲೆ. ಆ ಲೆಕ್ಕದ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹಿಂದೆ ಕೊಂಡವರಿಗೆ ಮನೆ ಮಾರದೆ ಇಟ್ಟುಕೊಳ್ಳುವ ಆಸ್ತಿಯಾಯಿತು. ಹೊಸಬರಿಗೆ ಮೂವತ್ತು ವರ್ಷದ ಸಾಲವಾಯಿತು.

ಮನೆ ಬಿಟ್ಟ ಕೆಲಸ ವಾಪಸ್ ಬಂದದ್ದೂ ಉಂಟು. 1998ರಲ್ಲಿ ಗೂಗಲ್ ಶುರುವಾದದ್ದು ಇದೇ ಊರಿನ ಒಂದು ಬಾಡಿಗೆ ಗ್ಯಾರೇಜಿನಲ್ಲಿ. 2020ರ ಮಾರ್ಚ್ 16ರಂದು ಬೇ ಏರಿಯಾದ ಕೌಂಟಿಗಳು ಮನೆಯಲ್ಲೇ ಇರಿ ಅಂತ ಆದೇಶ ಹೊರಡಿಸಿದಾಗ ನಮ್ಮಲ್ಲಿ ಅನೇಕರ ಊಟದ ಮೇಜೇ ಆಫೀಸಾಯಿತು. ಅಡುಗೆ, ಸ್ವಚ್ಛತೆ, ಡೆಲಿವರಿ ಕೆಲಸದವರಿಗೆ ಆ ಅನುಕೂಲವೂ ಇರಲಿಲ್ಲ. ಆದರೂ ಇಳಕಲ್ಲಿನ ಮಗ್ಗಕ್ಕೂ ನಮ್ಮ ಲ್ಯಾಪ್‌ಟಾಪಿಗೂ ವ್ಯತ್ಯಾಸ ಇದೆ. ನೇಕಾರರ ಮಗುವಿಗೆ ಅಪ್ಪ ಏನು ಮಾಡ್ತಾನೆ ಅಂತ ಕಣ್ಣಿಗೆ ಕಾಣುತ್ತಿತ್ತು. ನಮ್ಮ ಮಕ್ಕಳಿಗೆ ಕಾಣುವುದು ಹೆಡ್‌ಫೋನ್ ಹಾಕಿದ ಬೆನ್ನು.

ವಲಸೆಯ ಮನೆ ಹಳೆಯ ಕೆಲವು ಕೆಲಸಗಳನ್ನು ಸದ್ದಿಲ್ಲದೆ ಮತ್ತೆ ಹಿಡಿದಿದೆ. ಬಾಣಂತನಕ್ಕೆ ಊರಿನಿಂದ ಅಮ್ಮ ವಿಸಿಟರ್ ವೀಸಾದಲ್ಲಿ ಬಂದು ಆರು ತಿಂಗಳು ಇರುತ್ತಾರೆ. ಹೊಸದಾಗಿ ಬಂದ ಹುಡುಗರಿಗೆ ಮನೆ ಸಿಗುವ ತನಕ ಯಾರದೋ ಸೋಫಾ, ಯಾರದೋ ಸಾರು-ಅನ್ನ. ಅದು ಇಲ್ಲಿನ ವಾರಾನ್ನ.

ಇದರ ಜೊತೆಗೆ ನಮ್ಮ ಅಜ್ಜಿಯ ಮನೆಗೆ ಇಲ್ಲದಿದ್ದ ಒಂದು ಹೊಸ ಕೆಲಸವೂ ಬಂದಿದೆ. ಅಲ್ಲಿ ಕನ್ನಡ ಕಲಿಸಲು ಬೀದಿ, ಸಂತೆ, ಬಸ್ಸು, ಜಾತ್ರೆ ಎಲ್ಲ ಇದ್ದವು. ಎಲ್ ಕಮಿನೊ ರಿಯಲ್ ರಸ್ತೆ ನಮ್ಮ ಮಕ್ಕಳಿಗೆ ಕನ್ನಡ ಕಲಿಸೋದಿಲ್ಲ. ವಾರಾಂತ್ಯದ ಕನ್ನಡ ತರಗತಿ ಅಕ್ಷರ ಕಲಿಸುತ್ತದೆ. ಆದರೆ ಜಗಳ ಆಡೋಕೆ, ಮುದ್ದು ಮಾಡೋಕೆ, ಹಸಿವು ಅನ್ನೋಕೆ ಬೇಕಾದ ಕನ್ನಡ ಮನೆಯಲ್ಲೇ ಹುಟ್ಟಬೇಕು. ಭತ್ತವನ್ನು ಮಿಲ್ಲು ವಹಿಸಿಕೊಂಡಿತು, ಹೆರಿಗೆಯನ್ನು ಆಸ್ಪತ್ರೆ ವಹಿಸಿಕೊಂಡಿತು. ಈ ಕೆಲಸವನ್ನು ನಾವು ಕೈಬಿಟ್ಟರೆ ವಹಿಸಿಕೊಳ್ಳೋಕೆ ಹೊರಗೆ ಯಾರೂ ಇಲ್ಲ. ದಿನಕ್ಕೆ ಒಂದು ಹೊತ್ತಿನ ಊಟವಾದರೂ ಲ್ಯಾಪ್‌ಟಾಪ್ ಮುಚ್ಚಿ, ಕನ್ನಡದಲ್ಲಿ ಮಾತಾಡುತ್ತ ಆಗಲಿ.